ಇಪ್ಪತ್ತು ತುಂಬಿದ ಹಾಲುಹಲ್ಲು

ಬೋರ್ಡು ಇಳಿಸುವುದಕ್ಕೆ ನನ್ನನ್ನೇ ಕರೆದರು. ಕುಂದಾಪುರ ಪೇಟೆಯಲ್ಲಿ ಏಣಿ ಇದ್ದವರಿಗೇನು ಬರಗಾಲವಿಲ್ಲ. ಆದರೂ ಹಲ್ಲಿನ ಡಾಕ್ಟ್ರಮ್ಮ ನನಗೇ ಫೋನು ಮಾಡಿದರು.

“ಹ್ವಾಯ್ ಅಜ್ಜಯ್ಯ, ಕ್ಲಿನಿಕ್ ಮುಚ್ತಾ ಇದ್ದೆ. ಬೋರ್ಡ್ ನೀವೇ ಬಂದ್ ಇಳಿಸ್ಕ್. ಹಾಂಗೇ ನಿಶ್ಮಿತನ್ನ ಕರ್ಕಂಡ್ ಬನ್ನಿ. ಅವ್ಳಿಗೆ ಇಪ್ಪತ್ತ್ ತುಂಬಿತಲ್ದಾ?”

ನಿಶ್ಮಿತ ನನ್ನ ಮೊಮ್ಮಗಳು. ಅವಳ ಬಾಯಿಯಲ್ಲಿ, ಎಡಗಡೆ ಕೆಳಸಾಲಿನಲ್ಲಿ, ಒಂದು ಹಾಲುಹಲ್ಲು ಇದೆ. ಇಪ್ಪತ್ತು ವರ್ಷದ ಹುಡುಗಿಯ ಬಾಯಲ್ಲಿ ಹಾಲುಹಲ್ಲು! ಅದು ನಿಂತಿದೆ. ಹೋದ ವಾರ ಡಾಕ್ಟ್ರಮ್ಮ ನೋಡಿ, ತಟ್ಟಿ, ಫೋಟೋ ತೆಗೆದು, “ನಿಂತಿತ್ತ್” ಎಂದು ಹೇಳಿದ ಮೇಲೆ ನನಗೆ ಕೂತಲ್ಲಿ ಕೂರಲಿಕ್ಕೆ ಆಗುತ್ತಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದೆ. ಮೀನಿನವಳಿಗೆ ಹೇಳಿದೆ. ಇನ್ನು ಹೇಳಲಿಕ್ಕೆ ಜನ ಉಳಿಯಲಿಲ್ಲವೆಂದು ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಈ ಹೆಂಗಸಿನ ಬಗ್ಗೆ ಯಾರಾದರೂ ಬರೆಯಲೇಬೇಕು, ಓದಿದವರು ಯಾರೂ ಬರೆಯುವ ಹಾಗೆ ಕಾಣುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬೋರ್ಡು ಇಳಿದ ಮೇಲೆ ಹೆಸರು ಯಾಕೆ ಎಂದು ಅವರೇ ಹೇಳಿದ್ದಾರೆ.

ನನ್ನ ಕಸುಬು ಮನೆಗಳ ಮಾಡಿಗೆ ಹಂಚು ಹೊದೆಸುವುದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾನು ಹತ್ತದ ಮಾಡು ಕಡಿಮೆ. ಮಳೆಗಾಲಕ್ಕೆ ಮೊದಲು ಹಂಚು ತೆಗೆದು ಗುಡಿಸುವಾಗ ಎಂತೆಂತದೋ ಸಿಗುತ್ತದೆ. ಚೆಂಡು, ಒಂಟಿ ಚಪ್ಪಲಿ, ಬೆಕ್ಕು ತಿಂದುಳಿದ ಮೀನಿನ ಮುಳ್ಳು. ಮತ್ತೆ ಹಾಲುಹಲ್ಲು. ನಮ್ಮಲ್ಲಿ ಮಕ್ಕಳ ಹಲ್ಲು ಬಿದ್ದರೆ ಸಗಣಿ ಉಂಡೆಯೊಳಗೆ ಇಟ್ಟು ಮಾಡಿನ ಮೇಲೆ ಎಸೆಯುವುದು ಪದ್ಧತಿ. ಉಂಡೆ ಮೇಲೆ ನಿಂತರೆ ಹೊಸ ಹಲ್ಲು ಬೇಗ ಬರುತ್ತದೆ. ಉರುಳಿ ಕೆಳಗೆ ಬಿದ್ದರೆ ಬರುವುದಿಲ್ಲ ಎಂದು ನಮ್ಮ ನಂಬಿಕೆ. ಒಣಗಿದ ಸಗಣಿಯೊಳಗಿಂದ ಅಕ್ಕಿಕಾಳಿನ ಹಾಗೆ ಹಲ್ಲು ಇಣುಕುವುದನ್ನು ನಾನು ಎಷ್ಟೋ ಮಾಡಿನಲ್ಲಿ ನೋಡಿದ್ದೇನೆ. ಗುಡಿಸಿ ಎಸೆಯದೆ, ಮತ್ತೆ ಹಂಚಿನ ಸಂದಿಯಲ್ಲಿ ಭದ್ರ ಮಾಡಿ ಇಟ್ಟು ಇಳಿಯುತ್ತಿದ್ದೆ. ಯಾವ ಮಗುವಿನದೋ ಏನೋ!

ಹಾಗಾಗಿ ನಮ್ಮ ಕೇರಿಯ ಮಕ್ಕಳ ಹಲ್ಲು ಕೀಳುವ ಕೆಲಸವೂ ನನಗೇ ಬಂತು. ನೂಲು ಕಟ್ಟಿ ಒಂದು ಎಳೆತ, ಆಮೇಲೆ ಗುರಿಯಿಟ್ಟು ಒಂದು ಎಸೆತ. ನಾನು ಎಸೆದ ಉಂಡೆ ಒಂದೂ ಉರುಳಿದ್ದಿಲ್ಲ.

ಉರುಳಿದ್ದು ಒಂದೇ. ಅದು ನನ್ನ ಮಗಳು ಗುಲಾಬಿ ಎಸೆದದ್ದು.

ಅವಳಿಗೆ ಆಗ ಹದಿನಾಲ್ಕು. ಕೆಳಗಿನ ಒಂದು ಹಾಲುಹಲ್ಲು ಬೀಳದೆ ಹಾಗೇ ಇತ್ತು. ಹಾಳಾಗಿರಲಿಲ್ಲ, ನೋವೂ ಇರಲಿಲ್ಲ. ನೂಲಿಗೂ ಜಗ್ಗಲಿಲ್ಲ. ಆಗ ಊರಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಬೇರೊಬ್ಬ ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು, ಅಲುಗುವುದೇ ಇಲ್ಲ, ಸ್ವಲ್ಪ ಸಮಯ ಕಾದು ನೋಡುವ ಎಂದರು. ನಾನೇ ಹಠ ಹಿಡಿದೆ. ಹಾಲುಹಲ್ಲು ಅಡ್ಡ ಕೂತರೆ ಹೊಸದು ಬರುವುದು ಎಲ್ಲಿಂದ ಎಂದು ಅವರಿಗೇ ಬುದ್ಧಿ ಹೇಳಿ ಕೀಳಿಸಿದೆ. ಗುಲಾಬಿ ಅಳುತ್ತಾ ಉಂಡೆ ಎಸೆದಳು. ಉಂಡೆ ಉರುಳಿ ಅಂಗಳಕ್ಕೆ ಬಿತ್ತು. “ಒಂದ್ ಉಂಡೆ ಸಮಾ ಎಸೂಕೂ ಬತ್ತಿಲ್ಯಾ ನಿಂಗೆ?” ಎಂದು ಬೈದೆ.

ಹೊಸ ಹಲ್ಲು ಬರಲೇ ಇಲ್ಲ. ಕುಂಭಾಶಿಯ ಗಣಪತಿಗೆ ಹರಕೆ ಹೊತ್ತೆವು. ನಾನು ವರ್ಷ ವರ್ಷ ಹಂಚು ಗುಡಿಸುವಾಗ ಗುಲಾಬಿಗೆ ಕೇಳುವ ಹಾಗೆ, ಆ ಉಂಡೆ ಒಂದು ಇಲ್ಲಿ ನಿಂತಿದ್ದರೆ ಎಂದು ಹೇಳಿಕೊಳ್ಳುತ್ತಿದ್ದೆ. ಅಕ್ಕಪಕ್ಕದ ಹಲ್ಲು ಆ ಸಂದಿಗೆ ವಾಲಿದವು. ಗುಲಾಬಿ ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತಳು. ಮದುವೆಯ ಫೋಟೋದಲ್ಲಿ ಎಲ್ಲರ ಹಲ್ಲೂ ಕಾಣುತ್ತದೆ, ಮದುಮಗಳದ್ದು ಬಿಟ್ಟು.

ಈಗ ನಿಶ್ಮಿತನ ವಿಷಯ. ಅವಳಿಗೆ ಹದಿಮೂರು ಆದಾಗ ಒಂದು ಬೆಳಿಗ್ಗೆ ಎಡಗೆನ್ನೆ ಉಬ್ಬಿಸಿಕೊಂಡು ಎದ್ದಳು. ನೋಡಿದರೆ ಅದೇ ಜಾಗ, ಅದೇ ಹಾಲುಹಲ್ಲು, ನಡುವೆ ಕಪ್ಪು ತೂತು. ಮುಂಬಯಿಯ ಹೋಟೆಲಿನಲ್ಲಿದ್ದ ಅಳಿಯ ಫೋನಿನಲ್ಲಿ ಕೀಳಿಸಿ ಎಂದ. ಪಕ್ಕದ ಮನೆಯವರೂ ಅದನ್ನೇ ಹೇಳಿದರು. ನಾನಂತೂ ನೂಲು ಹಿಡಿದು ನಿಂತಿದ್ದೆ. ಗುಲಾಬಿಗೆ ಗೇರುಬೀಜದ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಹಾಗಾಗಿ ನಾನೇ ಹುಡುಗಿಯನ್ನು ಕುಂದಾಪುರಕ್ಕೆ ಕರೆದುಕೊಂಡು ಹೋದೆ. ಹೊರಡುವ ಮೊದಲು ಕೊಟ್ಟಿಗೆಯ ಬದಿಯಲ್ಲಿ ಹಸಿ ಸಗಣಿಯ ಮೇಲೆ ಬಾಳೆಲೆ ಮುಚ್ಚಿ ಇಟ್ಟಿದ್ದೆ. ಬಂದ ಕೂಡಲೇ ಎಸೆಯುವುದು ನಾನೇ, ಈ ಸಲ ಉರುಳಲಿಕ್ಕೆ ಬಿಡುವುದಿಲ್ಲ ಎಂದು.

ಬಟ್ಟೆ ಅಂಗಡಿಯ ಮೇಲೆ ಮರದ ಮೆಟ್ಟಿಲು ಹತ್ತಿದರೆ ಕ್ಲಿನಿಕ್ಕು. ಡಾಕ್ಟ್ರಮ್ಮನಿಗೆ ಆಗಲೇ ಅರವತ್ತು ದಾಟಿತ್ತು. ಗಿಡ್ಡ ಆಳು. ನೂಲಿನ ಸೀರೆಯ ಮೇಲೆ ಬಿಳಿ ಕೋಟು, ಕಾಲಲ್ಲಿ ಹವಾಯಿ ಚಪ್ಪಲಿ. ಕುರ್ಚಿಯ ಪಕ್ಕ ಒಂದು ಮರದ ಮಣೆ. ಅದನ್ನು ಹತ್ತಿ ನಿಂತರೆ ಮಾತ್ರ ಅವರಿಗೆ ದೊಡ್ಡವರ ಬಾಯಿ ಕಾಣುತ್ತಿತ್ತು. ನಾನು ಬಾಗಿಲಲ್ಲೇ ಹೇಳಿದೆ: “ಹಾಲ್‌ಹಲ್ಲ್ ಡಾಕ್ಟ್ರಮ್ಮ. ಕಿತ್ತ್ ಕೊಡಿ. ಹತ್ತೂವರೆ ಬಸ್ಸಿಗೆ ವಾಪಸ್ ಹೋಯ್ಕ್.”

ಅವರು ನನ್ನನ್ನು ನೋಡಲೇ ಇಲ್ಲ. ಹುಡುಗಿಯನ್ನು ಕೇಳಿದರು. “ಹಲ್ಲ್ ನಿಂದಾ, ಅಜ್ಜಯ್ಯಂದಾ?”

“ನಂದ್.”

“ಹಂಗಾರೆ ನೀನ್ ಹೇಳ್. ಎಲ್ಲಿ ನೋವು? ಎಷ್ಟ್ ದಿನ ಆಯ್ತ್?”

ಅದು ಅವರ ಕ್ರಮ. ಮಗು ಎಷ್ಟೇ ಸಣ್ಣದಿರಲಿ, ಅದರ ಹಲ್ಲಿನ ಮಾತು ಅದರ ಜೊತೆಗೇ. ನೋವಾಗುವುದಿಲ್ಲ ಎಂಬ ಸುಳ್ಳನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. “ಕೆಂಪಿರುವೆ ಕಚ್ಚಿದಂಗೆ ಆತ್ತ್. ಹತ್ತ್ ಎಣ್ಸ್. ಆಮೇಲೆ ತುಟಿ ದಪ್ಪ ಆತ್ತ್, ಅದ್ ನಿಜವಾಗಿ ದಪ್ಪ ಆದದ್ದಲ್ಲ, ಕನ್ನಡಿ ಕಾಣ್” ಎಂದು ಕೈಗೊಂದು ಕನ್ನಡಿ ಕೊಡುತ್ತಿದ್ದರು. ಎಂತ ನಡೆಯುತ್ತದೆ ಎಂದು ಕಂಡರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದಂತೆ.

ಹೆಬ್ಬೆರಳಿನಷ್ಟು ದೊಡ್ಡ ಫಿಲ್ಮನ್ನು ಬಾಯೊಳಗೆ ಇಟ್ಟು ಎಕ್ಸ್‌ರೇ ಫೋಟೋ ತೆಗೆದರು. ಕತ್ತಲೆ ಕೋಣೆಗೆ ಹೋಗಿ ಮದ್ದಿನ ನೀರಿನಲ್ಲಿ ಅದ್ದಿ, ಒದ್ದೆ ಫಿಲ್ಮನ್ನು ಕ್ಲಿಪ್ಪಿನಲ್ಲಿ ಹಿಡಿದುಕೊಂಡು ಬಂದು ಕಿಟಕಿಯ ಬೆಳಕಿಗೆ ಎತ್ತಿದರು. ಅತ್ತ ಇತ್ತ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಕರೆದರು.

“ಬನ್ನಿ, ಕಾಣಿ. ಇದ್ ಹಾಲ್‌ಹಲ್ಲ್. ಬೇರ್ ಎರಡೂ ಸಮಾ ಇತ್ತ್, ತೇಯ್ಲಿಲ್ಲೆ. ಬೇರಿನ ತುದಿಯಗೆ ಕಪ್ಪು ಕಾಣ್ತಾ? ಅದ್ ಕೀವು. ಈಗ ಅದ್ರ ಕೆಳಗೆ ಕಾಣಿ. ಎಂತ ಇತ್ತ್?”

“ಎಂತದೂ ಇಲ್ಲೆ.”

“ಹ್ಞಾಂ. ಎಂತದೂ ಇಲ್ಲೆ. ಇಲ್ಲೊಂದ್ ದೊಡ್ಡ ಹಲ್ಲ್ ಬೆಳಿತಾ ಇರ್ಕಿತ್ತ್. ಇವ್ಳಿಗೆ ಅದ್ ಹುಟ್ಲೇ ಇಲ್ಲೆ. ಕೆಲವ್ರಿಗೆ ಹಾಂಗೆ. ಕಿತ್ತರೆ ಮತ್ತೆ ಬಪ್ಪುದಿಲ್ಲೆ.” ಮಣೆಯಿಂದ ಇಳಿದು ಕೈ ತೊಳೆಯುತ್ತಾ ಕೇಳಿದರು, “ಮನೆಯಗೆ ಬ್ಯಾರೆ ಯಾರಿಗಾರೂ ಹಾಂಗ್ ಇತ್ತಾ? ತಾಯಿಗೆ?”

ನನ್ನ ಕಾಲಿನ ಕೆಳಗಿನ ಹಂಚು ಜಾರಿದ ಹಾಗಾಯಿತು. ಹುಡುಗಿ ಬಾಯಿ ಮುಕ್ಕಳಿಸಲು ಹೊರಗೆ ಹೋಗಿದ್ದಳು. ಇದ್ದದ್ದನ್ನೆಲ್ಲ ಹೇಳಿದೆ. ಡಾಕ್ಟರು ಬೇಡ ಎಂದದ್ದು, ನಾನು ಹಠ ಮಾಡಿದ್ದು, ಉಂಡೆ ಉರುಳಿದ್ದು, ಬೈದದ್ದು. ಈಗ ಇವರು ನನ್ನನ್ನು ಬಯ್ಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬಯ್ಯಲಿಲ್ಲ.

“ಮಗಳಿಗೆ ಇದನ್ನ ಹೇಳಿ. ಉಂಡೆ ಉರುಳಿದ್ದಕ್ಕಲ್ಲ ಅಂದೇಳಿ. ನಾನ್ ಹೇಳೂದಲ್ಲ. ನೀವ್ ಹೇಳ್ಕ್.”

“ಹೇಳ್ತೆ ಡಾಕ್ಟ್ರಮ್ಮ. ಮೊದ್ಲ್ ಈ ಹಲ್ಲ್ ಒಂದ್ ನಿಲ್ಲಲಿ. ಇದೂ ಹೋಯ್ತಂದ್ರೆ ನಾನ್ ಯಾವ ಬಾಯಗ್ ಹೇಳೂದ್?”

“ನಿಲ್ಲಿಸುವ” ಎಂದರು. ಅಷ್ಟೇ. ನನ್ನನ್ನು ಸಮಾಧಾನ ಮಾಡಲಿಕ್ಕೆ ಹೇಳಿದ ಮಾತಲ್ಲ ಅದು. ಮಾಡು ಬಿಚ್ಚಿದವನು ಮಳೆಗೆ ಮುಂಚೆ ಮುಚ್ಚುತ್ತೇನೆ ಎನ್ನುವ ಹಾಗೆ ಹೇಳಿದರು.

ಯಾಕೆ ನಿಲ್ಲಿಸಬೇಕು ಎಂದು ನನಗೂ ನಿಶ್ಮಿತನಿಗೂ ಕೂರಿಸಿ ವಿವರಿಸಿದರು. ದವಡೆ ಬೆಳೆಯುವ ವಯಸ್ಸಿನಲ್ಲಿ ಕಟ್ಟಿದ ಹಲ್ಲು ಕೂರಿಸುವ ಹಾಗಿಲ್ಲ. ಹಾಲುಹಲ್ಲು ಇದ್ದರೆ ಜಾಗ ಕಾಯುತ್ತದೆ, ಎಲುಬನ್ನೂ ಉಳಿಸುತ್ತದೆ, ಪಕ್ಕದ ಹಲ್ಲು ವಾಲದ ಹಾಗೆ ತಡೆಯುತ್ತದೆ. ಅವಳಿಗೆ ಇಪ್ಪತ್ತು ತುಂಬುವವರೆಗೆ ನಿಂತರೆ ಅರ್ಧ ಗೆದ್ದ ಹಾಗೆ, ಆಮೇಲೆ ನಿಂತದ್ದೆಲ್ಲ ಲಾಭ. ಸಾಮಾನ್ಯ ಮಕ್ಕಳ ಹಾಲುಹಲ್ಲಿನ ಬೇರಿಗೆ ಮದ್ದು ತುಂಬುವಾಗ ಕರಗುವ ಮದ್ದು ತುಂಬುತ್ತಾರೆ, ಯಾಕೆಂದರೆ ಆ ಹಲ್ಲು ಹೇಗೂ ಬೀಳಬೇಕು. ಇದು ಬೀಳಬಾರದ ಹಾಲುಹಲ್ಲು. ಇದಕ್ಕೆ ದೊಡ್ಡವರಿಗೆ ತುಂಬುವ, ಕರಗದ ಮದ್ದೇ ಬೇಕು. “ಆದ್ರೆ ಹಾಲ್‌ಹಲ್ಲಿನ ಬೇರ್ ದೊಡ್ಡ ಹಲ್ಲಿನಂಗಲ್ಲ. ತೆಳು, ಬಗ್ಗಿರ್ತ್. ಒಳಗಿನ ದಾರಿ ನೂಲಿನಷ್ಟ್ ಸಪೂರ. ನಾಕ್ ಸಲ ಬರ್ಕಾತ್ತ್. ಬತ್ತ್ಯಾ?” ಎಂದು ಹುಡುಗಿಯನ್ನು ಕೇಳಿದರು.

“ಬತ್ತೆ” ಎಂದಳು ನಿಶ್ಮಿತ.

ಮನೆಗೆ ಬಂದಾಗ ಬಾಳೆಲೆಯಡಿಯ ಸಗಣಿ ಒಣಗಿತ್ತು. ಗುಲಾಬಿಗೆ, ಹಲ್ಲು ಕೀಳುವುದು ಬೇಡವಂತೆ, ಬೇರಿಗೆ ಮದ್ದು ಹಾಕುತ್ತಾರಂತೆ ಎಂದಷ್ಟೇ ಹೇಳಿದೆ. “ನಾಕ್ ಸಲವಾ? ಹಾಲ್‌ಹಲ್ಲಿಗಾ?” ಎಂದಳು. ನಾನು ಅಂಗಳಕ್ಕೆ ಹೋಗಿ ಕೆಲಸವಿಲ್ಲದ ಕೆಲಸ ಮಾಡಿದೆ.

ನಾಲ್ಕು ಸಲ ಆರು ಸಲವಾಯಿತು. ಡಾಕ್ಟ್ರಮ್ಮ ಹಲ್ಲಿಗೆ ಹಸಿರು ರಬ್ಬರಿನ ಹಾಳೆ ಕಟ್ಟಿ, ಎಂಜಲು ತಾಗದ ಹಾಗೆ ಮಾಡಿ, ಕೂದಲಿನಂಥ ಸೂಜಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ಬೆರಳ ತುದಿಯಲ್ಲೇ ಕಣ್ಣು ಇದ್ದ ಹಾಗೆ. ನಾನು ಮೂಲೆಯ ಸ್ಟೂಲಿನಲ್ಲಿ ಕೂತು ಆ ಬೆರಳನ್ನೇ ನೋಡುತ್ತಿದ್ದೆ. ಕಸುಬು ಬಲ್ಲವರ ಕೈ ಯಾವ ಕಸುಬಿನದಾದರೂ ಗೊತ್ತಾಗುತ್ತದೆ. ಅವರಿಗೆ ಅವಸರವಿರಲಿಲ್ಲ. ಹೊರಗೆ ಕಾದು ಕೂತವರು ಗೊಣಗಿದರೆ ಬಾಗಿಲ ಕಡೆ ತಿರುಗಿ, “ಅವಸರ ಇಪ್ಪವ್ರ್ ಕೀಳ್ಸಿ ಹೋಪವ್ರ್ ಮಾತ್ರ. ನಿಮ್ದೂ ಕೀಳ್ಕಾ?” ಎಂದು ಕೂಗುತ್ತಿದ್ದರು. ಎಲ್ಲರೂ ತೆಪ್ಪಗೆ ಕೂರುತ್ತಿದ್ದರು. ಸಿಟ್ಟು ಬಹಳ ಇತ್ತು ಅವರಿಗೆ. ಒಮ್ಮೆ ಒಬ್ಬ ಮೇಷ್ಟ್ರು, ಹಾಲುಹಲ್ಲಿಗೆ ಇಷ್ಟೆಲ್ಲ ಯಾಕೆ ಎಂದು ನಕ್ಕದ್ದಕ್ಕೆ, ಅವರ ಬಾಯೊಳಗೆ ಕೈ ಇಟ್ಟುಕೊಂಡೇ ಅರ್ಧ ಗಂಟೆ ಪಾಠ ಮಾಡಿದರು. ಮೇಷ್ಟ್ರಿಗೆ ಉತ್ತರ ಕೊಡಲಿಕ್ಕೆ ಬಾಯಿ ಇರಲಿಲ್ಲ.

ಮೂರು ಸಲ ಮದ್ದು ಇಟ್ಟು ಮುಚ್ಚಿದರೂ ಕೀವು ನಿಲ್ಲಲಿಲ್ಲ. ಒಸಡಿನಲ್ಲಿ ಸಾಸಿವೆಯಷ್ಟು ಗುಳ್ಳೆ ಮತ್ತೆ ಮತ್ತೆ ಏಳುತ್ತಿತ್ತು. ನಾಲ್ಕನೆಯ ಸಲ ಡಾಕ್ಟ್ರಮ್ಮ ಮಣೆಯಿಂದ ಇಳಿದು, ಕನ್ನಡಕ ತೆಗೆದು, ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಾ ನಿಂತರು.

“ಒಣಗ್ತಿಲ್ಲೆ ಅಜ್ಜಯ್ಯ. ಮೂರೂ ದಾರಿ ಸ್ವಚ್ಛ ಇತ್ತ್. ಎಲ್ಲಿಂದ ಬತ್ತಾ ಇತ್ತ್ ಅಂದೇಳಿ ತಿಳಿತಿಲ್ಲೆ.”

ನನ್ನ ಬಾಯಿಂದ ಮಾತು ಹಾಗೇ ಬಂತು. “ನಮ್ಮ ಕೆಲ್ಸದಗೂ ಹಂಗೇ ಡಾಕ್ಟ್ರಮ್ಮ. ನೀರ್ ಅಡುಗೆ ಮನೆಯಗೆ ಹನಿಕತ್ತ್, ಒಡೆದ ಹಂಚು ಅಲ್ಲಿ ಇರೂದಿಲ್ಲೆ. ಹಂಚಿನಡಿ ಮರದ ರೀಪಿನ ಮೇಲೆ ಹರ್ಕಂಡ್ ಬಂದ್ ಇನ್ನೆಲ್ಲೋ ಬೀಳತ್ತ್. ನಾವ್ ಹನಿ ಬಿದ್ದಲ್ಲಿ ಹತ್ತೂದಿಲ್ಲೆ. ಅದ್ರ ಪಕ್ಕದ ಸಾಲ್ ಬಿಚ್ತೊ.”

ಅವರು ತಿರುಗಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಹೆಚ್ಚು ಮಾತಾಡಿದೆನೋ ಎಂದು ಹೆದರಿದೆ. ಅವರು ಮತ್ತೆ ಮಣೆ ಹತ್ತಿದರು. ದೀಪ ಹತ್ತಿರ ಎಳೆದರು. ಇನ್ನೂ ಸಪೂರ ಸೂಜಿ ತೆಗೆದುಕೊಂಡು, ಮುಂದಿನ ಎರಡು ದಾರಿ ಬಿಟ್ಟು ಹಿಂದಿನ ಬೇರಿನ ಬದಿಯಲ್ಲಿ ಮೆಲ್ಲ ಮೆಲ್ಲ ಕೆದಕಿದರು. ಒಮ್ಮೆಲೇ ಅವರ ಕೈ ನಿಂತಿತು.

“ಸಿಕ್ತ್” ಎಂದರು. “ಹಿಂದಿನ ಬೇರಗೆ ಎರಡ್ ದಾರಿ ಇತ್ತ್ ಕಾಣಿ. ಒಂದ್ ನಂಗೆ ತಪ್ಪಿ ಹೋಯಿದ್. ನಿಶ್ಮಿತ, ನನ್ನ ತಪ್ಪು ಮಗಾ. ಮೂರ್ ಸಲ ನಿನ್ನ ಸುಮ್ನೆ ಬಪ್ಪಂಗ್ ಮಾಡಿದೆ.”

ಒಬ್ಬ ಡಾಕ್ಟರು ಹದಿಮೂರು ವರ್ಷದ ಹುಡುಗಿಗೆ, ಹಂಚು ಹೊದೆಸುವವನ ಎದುರು, ನನ್ನ ತಪ್ಪು ಎಂದು ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಆ ದಿನ ಬಸ್ಸಿನಲ್ಲಿ ಬರುವಾಗ ನನಗೆ ಗುಲಾಬಿಯದೇ ಯೋಚನೆ. ಇಷ್ಟು ಓದಿದವರಿಗೆ ಹೇಳಲಿಕ್ಕೆ ಬರುವ ಮಾತು ನನ್ನ ಬಾಯಿಗೆ ಯಾಕೆ ಬರುವುದಿಲ್ಲ?

ಐದನೆಯ ಸಲ ಬೇರು ಒಣಗಿತ್ತು. ನಾಲ್ಕು ದಾರಿಗೂ ಕರಗದ ಮದ್ದು ತುಂಬಿದರು. ಆರನೆಯ ಸಲ ಹಲ್ಲಿನ ಮೇಲೆ ಕ್ಯಾಪು, ನಮ್ಮ ಮಾತಿನಲ್ಲಿ ಟೋಪಿ, ಕೂರಿಸಿದರು. ಆ ಹಾಲುಹಲ್ಲು ಅಕ್ಕಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿತ್ತು, ಟೋಪಿಯನ್ನು ಎತ್ತರ ಮಾಡಿ ಸಮ ಮಾಡಿದರು. ಮುಗಿದ ಮೇಲೆ ಅವರು ನಿಶ್ಮಿತನ ಕೈಹಿಡಿದು, “ವರ್ಷಕ್ಕೊಂದ್ ಸಲ ಬರ್ಕ್. ನಿಂಗ್ ಇಪ್ಪತ್ತ್ ತುಂಬಿದ ದಿನ ನಾನೇ ಕಾಣ್ತೆ. ಅಲ್ಲಿವರೆಗೆ ಈ ಅಂಗಡಿ ಮುಚ್ಚೂದಿಲ್ಲೆ” ಎಂದರು. ನನ್ನ ಕಡೆ ತಿರುಗಿ, “ಮಗಳಿಗೆ ಹೇಳಿದ್ರ್ಯಾ?”

“ಇಪ್ಪತ್ತ್ ತುಂಬಲಿ ಡಾಕ್ಟ್ರಮ್ಮ.”

“ಹಲ್ಲಿಗಿಂತ ನಿಮ್ಮನ್ನ ಅಲುಗ್ಸೂದೇ ಕಷ್ಟ ಮಾರಾಯ್ರೆ.”

ಮಂಗಳವಾರ ಅವರು ಬೈಂದೂರಿಗೆ ಬರುತ್ತಿದ್ದರು, ಶನಿವಾರ ಬ್ರಹ್ಮಾವರಕ್ಕೆ. ಸರ್ವಿಸ್ ಬಸ್ಸಿನಲ್ಲಿ, ಮಡಿಲಲ್ಲಿ ಸ್ಟೀಲಿನ ಡಬ್ಬ ಇಟ್ಟುಕೊಂಡು. ಡಬ್ಬದ ತುಂಬ ಕುದಿಸಿ ಮುಚ್ಚಿದ ಸಾಮಾನು. ಒಮ್ಮೆ ಕಂಡಕ್ಟರ್ ಅದನ್ನು ಊಟದ ಡಬ್ಬ ಎಂದು ಎಣಿಸಿ, “ಎಂತ ಡಾಕ್ಟ್ರಮ್ಮ, ಒಬ್ರೇ ಉಂಬುದಾ?” ಎಂದ. ಡಾಕ್ಟ್ರಮ್ಮ, “ಬಾಯಿ ದೊಡ್ಡ ತೆಗಿ, ನಿಂಗೂ ಬಡಿಸ್ತೆ” ಎಂದರು. ಅವನು ನಕ್ಕದ್ದೇ ತಪ್ಪಾಯಿತು. ಅವನ ಮೇಲಿನ ಸಾಲಿನ ತೂತು ಅವರ ಕಣ್ಣಿಗೆ ಬಿತ್ತು, ಮುಂದಿನ ವಾರ ಅವನೂ ಕುರ್ಚಿಯಲ್ಲಿ ಕೂತ.

ಕೊರೊನಾದ ಸಮಯದಲ್ಲಿ ಎಲ್ಲ ಮುಚ್ಚಿತ್ತು. ಆಗಲೇ ಒಂದು ದಿನ ಹಲಸಿನ ಹಪ್ಪಳ ಕಚ್ಚುವಾಗ ನಿಶ್ಮಿತನ ಟೋಪಿ ಕಳಚಿ ಕೈಗೆ ಬಂತು. ಫೋನು ಮಾಡಿದೆ. “ಟೋಪಿ ತೊಳ್ದ್ ಡಬ್ಬದಗ್ ಇಡಿ. ಬಲಗಡೆಯಗೇ ಜಗಿಲಿ. ಓಡಾಡುಕೆ ಬಿಟ್ಟ ಕೂಡ್ಲೇ ನಾನೇ ಬತ್ತೆ” ಎಂದರು. ಬಸ್ಸು ಓಡದ ದಿನ. ಹದಿನೈದನೇ ದಿನಕ್ಕೆ ಯಾರದೋ ಅಕ್ಕಿ ಸಾಗಿಸುವ ಟೆಂಪೋದಲ್ಲಿ ಕೂತು, ಮುಖಕ್ಕೆ ಎರಡು ಮಾಸ್ಕು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದು ಇಳಿದರು. ಜಗಲಿಯಲ್ಲಿ ಹುಡುಗಿಯನ್ನು ಕೂರಿಸಿ, ಹಲ್ಲು ಒರೆಸಿ, ಅಂಟು ಹಚ್ಚಿ ಟೋಪಿ ಕೂರಿಸಿದರು. ಅಂಟು ಒಣಗುವವರೆಗೆ ಗುಲಾಬಿಯನ್ನು ಕರೆದು, “ನೀನೂ ಒಂದ್ ಸಲ ಬಾಯಿ ತೆಗಿ, ಕಾಂಬ” ಎಂದರು. ನಾನು ಚಾ ಮಾಡುವ ನೆವದಲ್ಲಿ ಒಳಗೆ ಹೋಗಿದ್ದೆ. ಬಂದಾಗ ಡಾಕ್ಟ್ರಮ್ಮ ಡಬ್ಬ ಮುಚ್ಚುತ್ತಿದ್ದರು, ಗುಲಾಬಿ ನನ್ನ ಮುಖವನ್ನೇ ನೋಡಿದಳು. ಚಾ ಕುಡಿದು, ಮಾಡು ನೋಡಿ, “ಹಂಚು ಲಾಯ್ಕ್ ಕೂರ್ಸಿದ್ರಿ” ಎಂದು ಹೇಳಿ ಟೆಂಪೋ ಹತ್ತಿದರು.

ಅವರ ಕೈ ಎರಡು ವರ್ಷದಿಂದ ಸಣ್ಣಗೆ ನಡುಗುತ್ತಿತ್ತು. ಹೊಸ ರೋಗಿಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿದ್ದರು. ಸೂಜಿ ಹಿಡಿಯುವ ಕೆಲಸವನ್ನೆಲ್ಲ ಬ್ರಹ್ಮಾವರದಲ್ಲಿರುವ ಶಿಷ್ಯೆಗೆ ಬಿಟ್ಟಿದ್ದರು. ಆದರೂ ಬಾಗಿಲು ತೆರೆದಿತ್ತು. ಅಂಗಡಿ ಮುಚ್ಚುವುದಿಲ್ಲ ಎಂದು ಅಂದು ಹೇಳಿದ್ದು ಬರೀ ಮಾತಲ್ಲ ಎಂದು ನನಗೆ ಹೋದ ವಾರ ತಿಳಿಯಿತು.

ನಿಶ್ಮಿತನನ್ನು ಕೂರಿಸಿ, ಮಣೆ ಹತ್ತಿ, ಕನ್ನಡಿಯ ಹಿಡಿಯಿಂದ ಹಲ್ಲನ್ನು ಟಕ್ ಟಕ್ ತಟ್ಟಿದರು. ಫಿಲ್ಮು ತೊಳೆಯಲಿಕ್ಕೆ ಕತ್ತಲೆ ಕೋಣೆಗೆ ಹೋದವರು ಬೇಗ ಬರಲಿಲ್ಲ. ನಾನು ಸ್ಟೂಲಿನ ಅಂಚು ಹಿಡಿದು ಕೂತಿದ್ದೆ. ನಿಶ್ಮಿತ ನನ್ನನ್ನು ನೋಡಿ, “ಅಜ್ಜಯ್ಯ, ಉಸ್ರ್ ಬಿಡಿ” ಎಂದಳು. ಆಮೇಲೆ ಅವರು ಬಂದು ಫಿಲ್ಮನ್ನು ಕಿಟಕಿಗೆ ಹಿಡಿದರು. ನಾಲ್ಕು ಬಿಳಿ ಗೆರೆ, ಬೇರಿನ ತುದಿಯವರೆಗೂ ನೆಟ್ಟಗೆ. ಕಪ್ಪು ಇದ್ದಲ್ಲಿ ಎಲುಬು ತುಂಬಿ ಬೆಳ್ಳಗಾಗಿತ್ತು.

“ನಿಂತಿತ್ತ್” ಎಂದರು. “ಇದನ್ನೊಂದ್ ಕಂಡ್ ಮುಚ್ಚುಕೇ ಬಾಗ್ಲ್ ತೆರ್ದ್ ಇಟ್ಟದ್ದ್. ಇನ್ನೆಷ್ಟ್ ವರ್ಷ ನಿಲ್ಲತ್ತ್ ಅಂದೇಳಿ ಹೇಳುಕೆ ನಂಗೆ ಬತ್ತಿಲ್ಲೆ. ಹತ್ತಾದ್ರೂ ಹೌದು, ಇಪ್ಪತ್ತಾದ್ರೂ ಹೌದು. ಈಗ ಬಿದ್ದರೂ ಹೆದ್ರಿಕಿಲ್ಲೆ, ಬ್ಯಾರೆ ಕೂರ್ಸುಲಕ್ಕ್. ಆದ್ರೆ ಬೀಳುಕೆ ಬಿಡ್ಬೇಡ. ದಿನಾ ಎರಡ್ ಸಲ ಉಜ್ಜ್.”

ನಾನು ಎದ್ದು ನಿಂತು ಕೈ ಮುಗಿದೆ. ಅವರಿಗೆ ಅಂಥದ್ದೆಲ್ಲ ಆಗುವುದಿಲ್ಲ. “ಕೈ ಮುಗೂದ್ ಸಾಕ್, ಏಣಿ ತಕಣಿ” ಎಂದರು.

ಬೋರ್ಡಿನ ಸ್ಕ್ರೂ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಗೋಡೆಯ ಗಾರೆ ಕೀಳದ ಹಾಗೆ ಬಿಚ್ಚಿದೆ. ಕೆಳಗೆ ನಿಶ್ಮಿತ ಏಣಿ ಹಿಡಿದಿದ್ದಳು. ಡಾಕ್ಟ್ರಮ್ಮ ರಸ್ತೆಯ ಆಚೆ ನಿಂತು ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದರು. ಬೋರ್ಡು ಇಳಿದ ಜಾಗದಲ್ಲಿ ಗೋಡೆ ಹೊಸದಾಗಿ ಬಿಳಿಯಾಗಿ ಕಂಡಿತು. ಅವರ ಮುಖದಲ್ಲಿ ಬೇಜಾರಿರಲಿಲ್ಲ. “ಲಾಯ್ಕ್ ತೆಗ್ದ್ರಿ. ಬೇರ್ ಸಮೇತ” ಎಂದರು.

ಹೊರಡುವಾಗ ಒಂದು ಲಕೋಟೆ ಕೊಟ್ಟರು. ಒಳಗೆ ಎರಡು ಫಿಲ್ಮು, ಮೊದಲನೆಯದು ಮತ್ತು ಕೊನೆಯದು. ಜೊತೆಗೆ ಶಿಷ್ಯೆಗೆ ಬರೆದ ಚೀಟಿ. “ಇದ್ ಗುಲಾಬಿಗೆ. ಅವ್ಳಿಗೂ ಹಲ್ಲ್ ಕಟ್ಟುಲಕ್ಕ್, ಈಗ್ಳೂ ತಡ ಆಯ್ಲಿಲ್ಲೆ. ಶನಿವಾರ ಬ್ರಹ್ಮಾವರಕ್ಕೆ ಕರ್ಕಂಡ್ ಹೋಯ್ನಿ.” ಆಮೇಲೆ ಬೆರಳು ಎತ್ತಿದರು. “ಹೇಳಿದ್ ಮೇಲೆ.”

ಆ ಸಂಜೆ ಗುಲಾಬಿ ಕಾರ್ಖಾನೆಯಿಂದ ಬಂದು ಅಡುಗೆ ಮನೆಯಲ್ಲಿ ಕೈ ತೊಳೆಯುತ್ತಿದ್ದಳು. ನಮ್ಮ ಅಡುಗೆ ಮನೆಯ ಮಾಡಿನಲ್ಲಿ ಒಂದು ಗಾಜಿನ ಹಂಚಿದೆ. ನಾನೇ ಕೂರಿಸಿದ್ದು. ಸಂಜೆಯ ಬಿಸಿಲು ಅದರಿಂದ ನೆಟ್ಟಗೆ ಒಲೆಯ ಪಕ್ಕಕ್ಕೆ ಬೀಳುತ್ತದೆ. ನಾನು ಫಿಲ್ಮುಗಳನ್ನು ಅವಳ ಕೈಗೆ ಕೊಟ್ಟು, ಬೆಳಕಿಗೆ ಹಿಡಿ ಎಂದೆ. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಎತ್ತಿದಳು.

“ಇದ್ ಮೊದ್ಲಿನದ್. ಹಲ್ಲಿನ ಕೆಳಗೆ ಕಾಣ್ ಮಗಾ. ಎಂತದೂ ಇಲ್ಲೆ. ಅಲ್ಲಿ ಹೊಸ ಹಲ್ಲ್ ಹುಟ್ಲೇ ಇಲ್ಲೆ. ನಿಂಗೂ ಹಾಂಗೇ ಇದ್ದದ್ದ್.” ಏಣಿಯ ಕೊನೆಯ ಮೆಟ್ಟಿಲು ಹತ್ತಿದವನು ಇಳಿಯುವ ಹಾಗಿಲ್ಲ. “ಉಂಡೆ ಉರುಳಿದ್ದಕ್ಕಲ್ಲ ನಿಂಗ್ ಹಲ್ಲ್ ಬರ್ದೇ ಇದ್ದದ್ದ್. ಇದ್ದ ಒಂದನ್ನ, ಗಟ್ಟಿ ಇದ್ದದ್ದನ್ನ, ಡಾಕ್ಟ್ರ್ ಬ್ಯಾಡ ಅಂದ್ರೂ ಕೀಳ್ಸಿದ್ದ್ ನಾನ್. ನನ್ನ ತಪ್ಪು.”

ಗುಲಾಬಿ ಫಿಲ್ಮಿನಿಂದ ಕಣ್ಣು ತೆಗೆಯಲಿಲ್ಲ. “ಇಷ್ಟ್ ಹೇಳುಕೆ ಏಳ್ ವರ್ಷ ಬೇಕಾಯ್ತಾ ಅಪ್ಪಯ್ಯ?”

“ನಿಂಗ್ ಗೊತ್ತಿತ್ತಾ?”

“ಕೊರೊನಾ ಸಮಯದಗೆ ಜಗ್ಲಿ ಮೇಲೆ ನನ್ ಬಾಯಿ ಕಂಡ್ರಲೆ, ಆಗ್ಳೇ ಕೇಳ್ದೆ. ಡಾಕ್ಟ್ರಮ್ಮ ಹೇಳಿದ್ರ್, ‘ಅಪ್ಪಯ್ಯನ್ನ ಕೇಳ್, ನಾನ್ ಹೇಳೂದಲ್ಲ. ಅವ್ರೇ ಹೇಳ್ತ್ರ್, ಸ್ವಲ್ಪ ಕಾಯ್’ ಅಂದೇಳಿ. ಅಷ್ಟ್ ಹೇಳಿದ್ ಮೇಲೆ ತಿಳಿದೇ ಇಪ್ಪುಕೆ ನಾನೆಂತ ಸಣ್ಣ ಮಗುವಾ?” ಇನ್ನೊಂದು ಫಿಲ್ಮಿನ ಕಡೆ ತಿರುಗಿ ಕೇಳಿದಳು, “ಮತ್ತೆ ಆ ಉಂಡೆಗೆ ಬೈದದ್ದ್?”

“ಅದನ್ನೂ ವಾಪಸ್ ತಕಂಡೆ.”

“ಮೂವತ್ತ್ ವರ್ಷ ಮಾಡ್ ಗುಡಿಸುವಾಗ ಹೇಳಿದ್ದೆಲ್ಲಾ?”

“ಎಲ್ಲಾ.”

ಅವಳಿಗೆ ನಗು ತಡೆಯಲಿಲ್ಲ. ಎಡಗೈಯಲ್ಲಿ ಒಂದು ಫಿಲ್ಮು, ಬಲಗೈಯಲ್ಲಿ ಒಂದು, ಎರಡೂ ಗಾಜಿನ ಹಂಚಿನ ಕಡೆಗೆ ಎತ್ತಿದ್ದವು. ಸೆರಗು ಹಿಡಿಯಲಿಕ್ಕೆ ಕೈ ಇರಲಿಲ್ಲ. ನನ್ನ ಮಗಳು ಬಾಯಿ ತೆರೆದು ನಗುವುದನ್ನು, ಆ ಸಂದಿಯ ಸಮೇತ, ನಾನು ಮೂವತ್ತು ವರ್ಷದ ಮೇಲೆ ಕಂಡೆ.

ನಾಳೆ ಶನಿವಾರ. ಏಳೂವರೆ ಬಸ್ಸಿಗೆ ನಾವಿಬ್ಬರೂ ಬ್ರಹ್ಮಾವರಕ್ಕೆ ಹೊರಡುತ್ತೇವೆ.